ಗದ್ದಲದ ಸಂಗೀತ ಕ್ಯಾಸೆಟ್‌ಗೆ ಇಳಿಯುವ ಬಗೆ: ಮಲೆನಾಡಿನ ಮನೆಯಲ್ಲಿ 20 ಪ್ರತಿ ಮಾಡಲು ಸಮಗ್ರ ಮಾರ್ಗದರ್ಶಿ

ನಾಯ್ಸ್ (ಗದ್ದಲವನ್ನೇ ಸಂಗೀತವಾಗಿಸುವ), ಡ್ರೋನ್ (ಎಳೆದು ನಿಂತ ಸ್ವರದ), ಇಂಡಸ್ಟ್ರಿಯಲ್ (ಯಂತ್ರದ ಸದ್ದಿನ) ಕೃತಿಗಳನ್ನು ಮನೆಯಲ್ಲೇ ಕ್ಯಾಸೆಟ್‌ಗೆ ಇಳಿಸಲು ಹೊರಟವರು ಸಾಮಾನ್ಯವಾಗಿ ಮೂರು ಕಡೆ ಮುಗ್ಗರಿಸುತ್ತಾರೆ. ಕಂಪ್ಯೂಟರಿನಲ್ಲಿ ಕಿವಿ ಸೀಳುತ್ತಿದ್ದ ಸದ್ದು ಟೇಪಿನಲ್ಲಿ ಮಂಕಾಗಿ ಬರುತ್ತದೆ. ತಮ್ಮ ಡೆಕ್ಕಿನಲ್ಲಿ (ಕ್ಯಾಸೆಟ್ ರೆಕಾರ್ಡ್ ಮಾಡುವ, ನುಡಿಸುವ ಯಂತ್ರ) ಚೆನ್ನಾಗಿದ್ದ ಪ್ರತಿ ಬೇರೆಯವರ ಪ್ಲೇಯರಿನಲ್ಲಿ ಉಸಿರುಗಟ್ಟಿದಂತೆ ಕೇಳುತ್ತದೆ. ಇವೆರಡನ್ನೂ ದಾಟಿದರೆ, ಮೂಡಿಗೆರೆಯ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಟೇಪಿನ ಅಂಚಿಗೆ ಬೂಷ್ಟು ಹತ್ತಿರುತ್ತದೆ.

ಮೂರಕ್ಕೂ ಬೇರು ಒಂದೇ: ‘ಹೇಗೂ ಗದ್ದಲ ತಾನೆ, ಡೆಕ್ ಹೇಗಿದ್ದರೇನು’ ಎಂಬ ಎಣಿಕೆ. ನಿಜ ಇದಕ್ಕೆ ತೀರಾ ವಿರುದ್ಧ. ಒಡೆದ ಸದ್ದು ಬೇಕಿದ್ದರೆ ಮಾಸ್ಟರ್‌ನಲ್ಲೇ, ಅಂದರೆ ಪ್ರತಿಗಳಿಗೆ ಮೂಲವಾದ ಫೈಲಿನಲ್ಲೇ ಒಡೆಯಿರಿ. ಅಲ್ಲಿಂದ ಟೇಪಿನವರೆಗಿನ ದಾರಿ ಮಾತ್ರ ಚೊಕ್ಕವಾಗಿರಬೇಕು. ಆ ದಾರಿಯಲ್ಲಿ ಕೊಳೆ, ಹಮ್ (ಕರೆಂಟಿನ ಗುಂಯ್ ಸದ್ದು), ಓರೆ ಹೆಡ್ (ಟೇಪಿಗೆ ತಾಗಿ ಬರೆಯುವ, ಓದುವ ಭಾಗ) ಸೇರಿಕೊಂಡರೆ ನೀವು ಕಟ್ಟಿದ ಒರಟುತನ ಯಾವುದು, ಯಂತ್ರದ ದೋಷ ಯಾವುದು ಎಂದು ಕೇಳುಗರಿಗೆ ತಿಳಿಯುವುದಿಲ್ಲ. 20 ಪ್ರತಿಗಳು 20 ಬೇರೆ ಬೇರೆ ಕೃತಿಗಳಾಗಿಬಿಡುತ್ತವೆ.

ಕೆಳಗಿನ ಹಂತಗಳ ಅನುಕ್ರಮವನ್ನು ಬದಲಿಸಬೇಡಿ. ಹೆಡ್ ಒರೆಸುವ ಮೊದಲು ಬಯಾಸ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಟೇಪಿಗೆ ಕೊಡುವ, ಕಿವಿಗೆ ಕೇಳಿಸದ ಸಿಗ್ನಲ್) ಹೊಂದಿಸಿದರೆ, ಒರೆಸಿದ ಮೇಲೆ ಆ ಹೊಂದಿಕೆ ತಪ್ಪಾಗಿರುತ್ತದೆ. ಬಯಾಸ್‌ಗಿಂತ ಮೊದಲು ಲೆವೆಲ್ (ಸದ್ದಿನ ಮಟ್ಟ) ಹೊಂದಿಸಿದರೆ ಲೆವೆಲ್ಲನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಕಾಲ ನೋಡಿ ಕೆಲಸ

ಮಳೆಯ ಸದ್ದನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಬೇಕಾದಷ್ಟು ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಮಾಡುವ ಕೆಲಸ ಮಾತ್ರ ಆಗ ಬೇಡ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಆ ತಿಂಗಳುಗಳಲ್ಲಿ ಮನೆಯೊಳಗಿನ ಗಾಳಿಯೇ ಒದ್ದೆಯಾಗಿರುತ್ತದೆ. ಟೇಪು ಕ್ಯಾಪ್‌ಸ್ಟನ್‌ಗೆ (ಟೇಪನ್ನು ಎಳೆಯುವ ಲೋಹದ ಕಡ್ಡಿ) ಅಂಟುತ್ತದೆ, ಟೇಪನ್ನು ಅದಕ್ಕೆ ಒತ್ತುವ ಪಿಂಚ್ ರೋಲರ್ ಜಾರುತ್ತದೆ, ತೇವ ಹಿಡಿದ ಟೇಪು ಡಬ್ಬಿಯೊಳಗೆ ಹಾಗೇ ಮುಚ್ಚಿಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳು ಇದಕ್ಕೆ ಸರಿಯಾದ ಕಾಲ. ಏಪ್ರಿಲ್ ಬಂತೆಂದರೆ ಸಂಜೆಯ ಗುಡುಗು ಮಿಂಚು ಶುರುವಾಗಿ ಪ್ಲಗ್ ಕಿತ್ತಿಡಬೇಕಾಗುತ್ತದೆ. ಅರಸೀಕೆರೆ, ಕಡೂರು ಕಡೆಯವರಿಗೆ ಈ ಕಟ್ಟುಪಾಡು ಅಷ್ಟಿಲ್ಲ.

ತೇವಾಂಶ ತೋರಿಸುವ ಚಿಕ್ಕ ಮೀಟರ್ ಒಂದನ್ನು ಡೆಕ್ಕಿನ ಪಕ್ಕ ಇಡಿ. ಶೇ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಶೇ 65 ದಾಟಿದ ದಿನ ಕೆಲಸ ಮುಂದೂಡಿ.

ಬೇಕಾದ ಸಾಮಾನು

ಡೆಕ್: ಮೂರು ಹೆಡ್ ಇರುವುದಾದರೆ ಅತ್ಯುತ್ತಮ. ಟೇಪಿಗೆ ಇಳಿದ ಸದ್ದನ್ನು ಆ ಕ್ಷಣದಲ್ಲೇ ಕೇಳಬಹುದು. ಎರಡು ಹೆಡ್ಡಿನದರಲ್ಲೂ ಕೆಲಸ ಆಗುತ್ತದೆ, ಪರೀಕ್ಷೆಗೆ ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೆ. ಆಟೋ ರಿವರ್ಸ್ ಡೆಕ್ ಬೇಡ. ಹೆಡ್ ತಿರುಗುತ್ತಲೇ ಇರುವುದರಿಂದ ಅದರ ಕೋನ ನಿಲ್ಲುವುದಿಲ್ಲ. ಟೂ-ಇನ್-ಒನ್ನಿನಲ್ಲಿ ಪ್ರತಿ ಮಾಡಲೇಬೇಡಿ. ಅದರಲ್ಲಿ ಲೆವೆಲ್ ತಾನಾಗಿಯೇ ಏರಿಳಿಯುವ ಸರ್ಕ್ಯೂಟ್ ಇರುತ್ತದೆ, ಜೋರಾದ ಒಂದು ಏಟು ಬಿದ್ದರೆ ಹಿಂದಿನ ಡ್ರೋನ್ ಪೂರ್ತಿ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ನಿಮಗೆ ಇಷ್ಟವಾದರೆ ಟೂ-ಇನ್-ಒನ್ನನ್ನು ವಾದ್ಯದಂತೆ ಬಳಸಿ, ಅದರ ಸದ್ದನ್ನು ಮಾಸ್ಟರ್‌ಗೆ ತನ್ನಿ.

ಖಾಲಿ ಕ್ಯಾಸೆಟ್: ಟೈಪ್ 1 (ಸಾಮಾನ್ಯ ಬಗೆಯ ಟೇಪು), ಸಿ-40 ಅಥವಾ ಸಿ-60 (ಎರಡೂ ಬದಿ ಸೇರಿ 40 ಅಥವಾ 60 ನಿಮಿಷ), ಬೇಕಾದ್ದಕ್ಕಿಂತ 4 ಹೆಚ್ಚು. ಸಿ-60ರ ಟೇಪು ಸುಮಾರು 16ರಿಂದ 18 ಮೈಕ್ರಾನ್ ದಪ್ಪ, ಸಿ-90ರದು 12ರ ಆಸುಪಾಸು, ಸಿ-120ರದು 9. ತೆಳುವಾದಷ್ಟೂ ಹಿಗ್ಗುವುದು, ಸುತ್ತಿಕೊಳ್ಳುವುದು, ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಅಚ್ಚಾಗುವುದು ಹೆಚ್ಚು. ಟೈಪ್ 2 ಯಾಕೆ ಬೇಡವೆಂದರೆ ಅದನ್ನು 70 ಮೈಕ್ರೋಸೆಕೆಂಡಿನ ಈಕ್ವಲೈಸೇಷನ್‌ನಲ್ಲಿ (ಟ್ರೆಬಲ್ ಸರಿದೂಗಿಸುವ ಹೊಂದಿಕೆ) ನುಡಿಸಬೇಕು, ಟೈಪ್ 1ಕ್ಕೆ ಅದು 120. ಅಗ್ಗದ ಪ್ಲೇಯರುಗಳಲ್ಲಿ ಈ ಬದಲಾವಣೆಯೇ ಇರುವುದಿಲ್ಲ. ಕೇಳುಗರ ಕೈಯಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲದಿರುವಾಗ ಟೈಪ್ 1 ಸುರಕ್ಷಿತ.

ಹಳೆಯ ಕ್ಯಾಸೆಟ್ ಮೇಲೆ ಅಳಿಸಿ ಬರೆಯುವವರಿಗೆ ಒಂದು ಮಾತು. ಮನೆಯ ಪೆಟ್ಟಿಗೆಯಲ್ಲಿ ಸಿಕ್ಕ ಕ್ಯಾಸೆಟ್ಟನ್ನು ಪೂರ್ತಿ ಕೇಳದೆ ಅಳಿಸಬೇಡಿ. ಅಂಗಡಿಯಿಂದ ತಂದ ಭಕ್ತಿಗೀತೆಯಾದರೆ ಅದರ ಪ್ರತಿ ಬೇರೆಲ್ಲೋ ಇರುತ್ತದೆ. ಊರಿನ ತಾಳಮದ್ದಳೆ, ಮದುವೆ ಮನೆಯ ಸೋಬಾನೆ, ತೀರಿಹೋದ ಹಿರಿಯರ ಮಾತು ಯಾರೋ ರೆಕಾರ್ಡ್ ಮಾಡಿದ್ದರೆ ಅದು ಜಗತ್ತಿನಲ್ಲಿರುವ ಒಂದೇ ಪ್ರತಿ. ಅದನ್ನು ಕಂಪ್ಯೂಟರಿಗೆ ಇಳಿಸಿ, ಕ್ಯಾಸೆಟ್ಟನ್ನು ಹಾಗೇ ಎತ್ತಿಡಿ.

ಉಳಿದಂತೆ: ಲೈನ್ ಔಟ್ ಇರುವ ಆಡಿಯೋ ಇಂಟರ್‌ಫೇಸ್, ಚೆನ್ನಾಗಿ ಶೀಲ್ಡ್ ಆದ ಆರ್‌ಸಿಎ ಕೇಬಲ್, ಮುಚ್ಚಿದ ಬಗೆಯ ಹೆಡ್‌ಫೋನ್, ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ 100 ಮಿಲಿ, ಕಡ್ಡಿ ಹತ್ತಿ, ಡಿಮ್ಯಾಗ್ನೆಟೈಸರ್ (ಹೆಡ್‌ಗೆ ಹತ್ತಿದ ಕಾಂತತೆ ಕಳೆಯುವ ಸಾಧನ), ಸಣ್ಣ ಸ್ಕ್ರೂಡ್ರೈವರ್, 3150 ಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಇರುವ ಟೆಸ್ಟ್ ಟೇಪ್, ಸಿಲಿಕಾ ಜೆಲ್. ಊರಲ್ಲಿ ಸಿಗದ ಕೇಬಲ್, ಬೆಲ್ಟ್, ಆಲ್ಕೊಹಾಲ್ ಮುಂತಾದವಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಎರಡೂ ಬೇಡ. ಅವುಗಳಲ್ಲಿನ ಎಣ್ಣೆ ಅಥವಾ ಗ್ಲಿಸರಿನ್ ಅಂಶ ಹೆಡ್ ಮೇಲೆ ಪದರವಾಗಿ ಕೂರುತ್ತದೆ.

ಹಂತ 1: ಮೂಲ ಸದ್ದು

ಮಲೆನಾಡಿನಲ್ಲಿ ಇಂಡಸ್ಟ್ರಿಯಲ್ ಸದ್ದಿಗೆ ಬರವಿಲ್ಲ. ಅರೇಬಿಕಾ ಕಾಫಿಯ ಕೊಯ್ಲು ನಡೆಯುವ ನವೆಂಬರ್‌ನಿಂದ ಜನವರಿವರೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತದೆ, ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹಲ್ಲರ್, ಗ್ರೇಡರ್ ಇವೆ, ಸಕಲೇಶಪುರದ ಘಾಟಿಯಲ್ಲಿ ಗೂಡ್ಸ್ ರೈಲಿನ ಬ್ರೇಕ್ ಇದೆ. ಯಂತ್ರದ ಮೈಗೆ ಅಂಟಿಸುವ ಪೀಜೋ ಬಿಲ್ಲೆಯನ್ನು (ಅದುರಿದಾಗ ವಿದ್ಯುತ್ ಸಿಗ್ನಲ್ ಕೊಡುವಂಥದ್ದು) ಕಾಂಟ್ಯಾಕ್ಟ್ ಮೈಕ್ ಮಾಡಿಕೊಂಡರೆ ಹೊರಗಿನ ಮಾತುಕತೆ ಸೇರದೆ ಯಂತ್ರದ ಒಳಸದ್ದು ಮಾತ್ರ ಸಿಗುತ್ತದೆ.

ಇಲ್ಲಿ ಬಹಳ ಜನರ ರೆಕಾರ್ಡಿಂಗ್ ತಗಡಿನಂತೆ ಕೇಳಲು ಕಾರಣ ಪೀಜೋ ಅಲ್ಲ, ಅದನ್ನು ಸಿಕ್ಕಿಸಿದ ತೂತು. 27 ಮಿಲಿಮೀಟರ್ ಬಿಲ್ಲೆಯ ಕೆಪ್ಯಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. ಅದನ್ನು 10 ಕಿಲೋ-ಓಮ್‌ನ ಲೈನ್ ಇನ್‌ಪುಟ್‌ಗೆ ಕೊಟ್ಟರೆ ಸುಮಾರು 800 ಹರ್ಟ್ಸ್‌ನ ಕೆಳಗಿನದೆಲ್ಲ ಕರಗಿಹೋಗುತ್ತದೆ. ಅದೇ ಬಿಲ್ಲೆಯನ್ನು ಗಿಟಾರ್‌ಗೆಂದು ಇರುವ 1 ಮೆಗಾ-ಓಮ್ ಇನ್‌ಪುಟ್‌ಗೆ ಕೊಟ್ಟರೆ ಈ ಗೆರೆ 8 ಹರ್ಟ್ಸ್‌ಗೆ ಇಳಿಯುತ್ತದೆ. ಪಲ್ಪರಿನ ಗುಡುಗು ಪೂರ್ತಿ ಬರುತ್ತದೆ.

ಪಲ್ಪರ್ ಸುತ್ತ ಯಾವಾಗಲೂ ನೀರು. ಬಿಲ್ಲೆಯನ್ನೂ ಬೆಸುಗೆಯನ್ನೂ ಹಾಟ್ ಗ್ಲೂನಿಂದ ಮುಚ್ಚಿ, ಲೋಹಕ್ಕೆ ನೇರ ತಾಗದಂತೆ ಇನ್ಸುಲೇಷನ್ ಟೇಪು ಸುತ್ತಿ. ರೆಕಾರ್ಡರ್ ಬ್ಯಾಟರಿಯಲ್ಲೇ ಓಡಲಿ. ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಿ, ಯಂತ್ರ ನಿಂತಿರುವಾಗ ಅಂಟಿಸಿ, ನಿಂತ ಮೇಲೆಯೇ ಬಿಡಿಸಿ. ಬೆಲ್ಟ್ ಓಡುವ ಬದಿಯಲ್ಲಿ ವೈರ್ ಹಾಯಿಸಲೇಬೇಡಿ.

ಹಂತ 2: ಟೇಪಿಗಾಗಿ ಬೇರೆ ಮಾಸ್ಟರ್

ಇಂಟರ್‌ನೆಟ್‌ಗೆ ಹಾಕಿದ ಫೈಲನ್ನೇ ಟೇಪಿಗೆ ಕಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಂಕಿನ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಕಾರಣ ಇಷ್ಟು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ. ಈ ನಿಧಾನಕ್ಕೆ ಎತ್ತರದ ಕಂಪನಗಳು ಟೇಪಿನಲ್ಲಿ ಉಳಿಯುವುದು ಕಷ್ಟ, ಅದಕ್ಕೇ ಡೆಕ್ ರೆಕಾರ್ಡ್ ಮಾಡುವಾಗ ಟ್ರೆಬಲ್ ಎತ್ತಿ ಕೊಡುತ್ತದೆ. ಹಾಡಿನಲ್ಲಿ ಟ್ರೆಬಲ್ ಸಹಜವಾಗಿಯೇ ಕಡಿಮೆ, ಆದ್ದರಿಂದ ತೊಂದರೆಯಿಲ್ಲ. ಎಲ್ಲ ಕಂಪನಗಳೂ ಸಮವಾಗಿರುವ ವೈಟ್ ನಾಯ್ಸ್ ಹಾಗಲ್ಲ: 22 ಕಿಲೋಹರ್ಟ್ಸ್‌ವರೆಗಿನ ವೈಟ್ ನಾಯ್ಸ್‌ನ ಅರ್ಧ ಶಕ್ತಿ 11 ಕಿಲೋಹರ್ಟ್ಸ್‌ಗಿಂತ ಮೇಲಿದೆ. ಅದನ್ನು ಡೆಕ್ ಮತ್ತಷ್ಟು ಎತ್ತಿದಾಗ ಟೇಪು ತುಂಬಿ ತುಳುಕುತ್ತದೆ. ಆಮೇಲೆ ಲೆವೆಲ್ ಏರಿಸಿದಷ್ಟೂ ಟ್ರೆಬಲ್ ಏರುವ ಬದಲು ಇಳಿಯುತ್ತದೆ. ಡೆಕ್ಕುಗಳ ಕೈಪಿಡಿಯಲ್ಲಿ ಕಾಣುವ 16, 18 ಕಿಲೋಹರ್ಟ್ಸ್ ಎಂಬ ಅಂಕಿಗಳು ಸಾಮಾನ್ಯವಾಗಿ −20 ಡಿಬಿಯಲ್ಲಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಅಳೆದವು. 0 ಡಿಬಿಯಲ್ಲಿ ಅದೇ ಟೇಪು ಅದಕ್ಕಿಂತ ಬಹಳ ಮೊದಲೇ ಕೈಚೆಲ್ಲುತ್ತದೆ.

ಹಾಗಾಗಿ ಹೀಗೆ ಮಾಡಿ:

1. 30 ಹರ್ಟ್ಸ್‌ನ ಕೆಳಗಿನದನ್ನು ಕಡಿದಾದ ಹೈಪಾಸ್ ಫಿಲ್ಟರಿನಿಂದ ತೆಗೆಯಿರಿ. ಕೇಳಿಸದ ಆ ಭಾಗ ಲೆವೆಲ್ಲನ್ನು ಸುಮ್ಮನೆ ತಿನ್ನುತ್ತದೆ.
2. 8 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ 3ರಿಂದ 4 ಡಿಬಿ ಇಳಿಸಿ, 15 ಕಿಲೋಹರ್ಟ್ಸ್‌ನ ಮೇಲಿನದನ್ನು ತೆಗೆಯುವ ಲೋಪಾಸ್ ಫಿಲ್ಟರ್ ಹಾಕಿ. ಟ್ರೆಬಲ್ ಇಳಿಸಿದರೆ ಟೇಪು ಹೆಚ್ಚು ಹರಿತವಾಗಿ ಕೇಳುತ್ತದೆ ಎಂಬುದನ್ನು ನಂಬಲು ಕಷ್ಟ, ಒಮ್ಮೆ ಎರಡೂ ಬಗೆಯಲ್ಲಿ ಇಳಿಸಿ ಹೋಲಿಸಿ.
3. ಹರಿತ ಬೇಕೆಂದಿದ್ದರೆ 2ರಿಂದ 5 ಕಿಲೋಹರ್ಟ್ಸ್ ನಡುವೆ ಹುಡುಕಿ. ಕಿವಿಗೆ ತೀಕ್ಷ್ಣವಾಗಿ ತಾಕುವ ಜಾಗ ಅದೇ, ಟೇಪೂ ಅದನ್ನು ಚೆನ್ನಾಗಿ ಹಿಡಿದಿಡುತ್ತದೆ.
4. ಎಡ ಬಲ ಎರಡನ್ನೂ ಮೋನೋ ಮಾಡಿ ಕೇಳಿ. ಮೋನೋ ಪ್ಲೇಯರಿನ ಹೆಡ್ ಎರಡೂ ಟ್ರ್ಯಾಕನ್ನು ಒಟ್ಟಿಗೆ ಓದುತ್ತದೆ. ಎಡ ಬಲ ವಿರುದ್ಧ ಫೇಸ್‌ನಲ್ಲಿದ್ದರೆ (ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತಿದ್ದರೆ) ಬೇಸ್ ಅಲ್ಲೇ ಸತ್ತುಹೋಗುತ್ತದೆ. 100 ಹರ್ಟ್ಸ್‌ನ ಕೆಳಗೆ ಮೋನೋ ಮಾಡಿಬಿಡುವುದು ಲೇಸು.
5. ತೀರಾ ಮೆಲ್ಲನೆಯ ಭಾಗಗಳನ್ನು ಮೇಲೆತ್ತಿ. ಟೇಪಿನದೇ ಸುಸ್ ಸದ್ದಾದ ಹಿಸ್ಸನ್ನು ತಗ್ಗಿಸುವ ಡಾಲ್ಬಿ ಇಲ್ಲದ ಟೈಪ್ 1ರಲ್ಲಿ ಜೋರಿನಿಂದ ಹಿಸ್‌ವರೆಗೆ ಸುಮಾರು 50 ಡಿಬಿ ಅಂತರ ಮಾತ್ರ. ಅದಕ್ಕಿಂತ ಕೆಳಗಿನದು ಹಿಸ್‌ನಡಿ ಹೂತುಹೋಗುತ್ತದೆ.
6. ಪ್ರತಿ ಬದಿಗೆ ಒಂದೇ ಉದ್ದನೆಯ 24 ಬಿಟ್ ವೇವ್ ಫೈಲ್ ಮಾಡಿ. ಅತಿ ಎತ್ತರದ ತುದಿ −3 ಡಿಬಿಯಲ್ಲಿ ನಿಲ್ಲಲಿ. ಎರಡೂ ಬದಿಗಳ ಉದ್ದ ಹತ್ತಿರ ಹತ್ತಿರ ಇರಲಿ, ಟೇಪಿನ ಬದಿಗಿಂತ 30ರಿಂದ 45 ಸೆಕೆಂಡು ಕಡಿಮೆ ಇರಲಿ.

ಮೌನದ ನಂತರ ಥಟ್ಟನೆ ಜೋರಾದ ಏಟು ಬರುವ ಕಡೆ ಮುಂಚಿತವಾಗಿಯೇ ಅದರ ನೆರಳು ಕೇಳಿಸಬಹುದು. ಸುತ್ತಿಟ್ಟ ಟೇಪಿನಲ್ಲಿ ಪದರದಿಂದ ಪದರಕ್ಕೆ ಆಗುವ ಅಚ್ಚು ಅದು. ಪೂರ್ತಿ ಮೌನದ ಬದಲು ಅಲ್ಲಿ ಕೋಣೆಯ ಸದ್ದೋ ಮಳೆಯ ಸದ್ದೋ ಸಣ್ಣಗೆ ಹಾಸಿದರೆ ಅಚ್ಚು ಮುಚ್ಚಿಹೋಗುತ್ತದೆ.

ಹಂತ 3: ಶುಚಿ

ಡೆಕ್ ಆಫ್ ಮಾಡಿ. ಕಡ್ಡಿ ಹತ್ತಿಯನ್ನು ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿ, ಎರೇಸ್ ಹೆಡ್, ರೆಕಾರ್ಡ್ ಮತ್ತು ಪ್ಲೇ ಹೆಡ್, ಟೇಪ್ ಗೈಡುಗಳು, ಕ್ಯಾಪ್‌ಸ್ಟನ್ ಎಲ್ಲವನ್ನೂ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಹೊಸ ಕಡ್ಡಿ ಬಳಸುತ್ತಿರಿ. ಪಿಂಚ್ ರೋಲರ್ ರಬ್ಬರಿನದು. ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರು ಸಾಕು, ಆಮೇಲೆ ಬರಿ ನೀರಿನಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಕ್ಯಾಪ್‌ಸ್ಟನ್‌ನ ಬುಡದಲ್ಲಿ ಆಲ್ಕೊಹಾಲ್ ಸುರಿಯಬೇಡಿ, ಬೇರಿಂಗಿನ ಎಣ್ಣೆ ತೊಳೆದುಹೋಗುತ್ತದೆ.

ರೋಲರ್ ಮೇಲ್ಮೈ ಹೊಳೆಯುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಅದನ್ನು ಬದಲಿಸಬೇಕು. ಟೇಪು ತಿನ್ನುವ ಡೆಕ್ಕಿನಲ್ಲಿ ಮೊದಲ ಅನುಮಾನ ಪಡಬೇಕಾದದ್ದು ಇದರ ಮೇಲೆ. ಬೆಲ್ಟ್ ಮುಟ್ಟಿದರೆ ಕೈಗೆ ಕಪ್ಪು ಅಂಟು ಹತ್ತಿದರೆ ಬೆಲ್ಟೂ ಹೊಸದಾಗಬೇಕು, ಪುಲ್ಲಿಯ ಮೇಲಿನ ಅಂಟನ್ನೂ ಆಲ್ಕೊಹಾಲ್‌ನಿಂದ ತೆಗೆಯಬೇಕು.

ಹಂತ 4: ಡಿಮ್ಯಾಗ್ನೆಟೈಸ್

ಡೆಕ್ ಆಫ್ ಇರಲಿ, ಕ್ಯಾಸೆಟ್‌ಗಳು ಒಂದು ಮೀಟರ್ ಆಚೆ ಇರಲಿ. ಡಿಮ್ಯಾಗ್ನೆಟೈಸರನ್ನು ಹೆಡ್‌ನಿಂದ ಅರ್ಧ ಮೀಟರ್ ದೂರದಲ್ಲೇ ಆನ್ ಮಾಡಿ, ನಿಧಾನವಾಗಿ ಹತ್ತಿರ ತಂದು ಲೋಹದ ಭಾಗಗಳ ಮೇಲೆ ಸುಳಿಸಿ, ಅಷ್ಟೇ ನಿಧಾನವಾಗಿ ದೂರ ಒಯ್ದ ಮೇಲೆ ಆಫ್ ಮಾಡಿ. ಹತ್ತಿರ ಇರುವಾಗಲೇ ಕರೆಂಟು ಹೋದರೆ ಹೆಡ್ ಮೊದಲಿಗಿಂತ ಹೆಚ್ಚು ಮ್ಯಾಗ್ನೆಟ್ ಆಗಿರುತ್ತದೆ. ಹಾಗಾದರೆ ಮತ್ತೆ ಮೊದಲಿನಿಂದ ಮಾಡಿ.

ಹಂತ 5: ಅಜಿಮತ್ ಮತ್ತು ವೇಗ

ನಿಮ್ಮ ಡೆಕ್ಕಿನಲ್ಲಿ ಚೆನ್ನಾಗಿ ಕೇಳಿ ಬೇರೆಡೆ ಮಂಕಾಗುವ ಪ್ರತಿಗೆ ಕಾರಣ ಅಜಿಮತ್, ಅಂದರೆ ಹೆಡ್ಡಿನ ಸೀಳು ಟೇಪಿಗೆ ನೇರ ಅಡ್ಡವಾಗಿ ನಿಲ್ಲಬೇಕಾದ ಕೋನ. ಹೆಡ್ ಓರೆಯಾಗಿದ್ದರೆ ಅದು ಬರೆಯುವುದೂ ಓರೆ, ಓದುವುದೂ ಓರೆ. ಆದ್ದರಿಂದ ನಿಮ್ಮ ಕಿವಿಗೆ ದೋಷ ಸಿಗುವುದೇ ಇಲ್ಲ.

ಟೆಸ್ಟ್ ಟೇಪ್ ಹಾಕಿ, ಔಟ್‌ಪುಟ್ಟನ್ನು ಕಂಪ್ಯೂಟರಿಗೆ ಕೊಟ್ಟು ಎಡ ಬಲ ಕೂಡಿಸಿ ಮೋನೋ ಮಾಡಿ. ಪ್ಲೇ ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಕಾಣುತ್ತದೆ. ಮೊದಲು 3150 ಹರ್ಟ್ಸ್‌ನಲ್ಲಿ, ಆಮೇಲೆ 10 ಕಿಲೋಹರ್ಟ್ಸ್‌ನಲ್ಲಿ ಮೀಟರ್ ಗರಿಷ್ಠ ತೋರಿಸುವವರೆಗೆ ಅದನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿ. ನೇರವಾಗಿ 10 ಕಿಲೋಹರ್ಟ್ಸ್‌ನಿಂದ ಶುರು ಮಾಡಿದರೆ ಎಡ ಬಲಗಳ ನಡುವೆ ಒಂದು ಪೂರ್ತಿ ಸುತ್ತಿನ ವ್ಯತ್ಯಾಸವಿದ್ದರೂ ಗರಿಷ್ಠದಂತೆಯೇ ಕಾಣುತ್ತದೆ. ಆ ಸುಳ್ಳು ಶಿಖರಕ್ಕೆ ಮೋಸಹೋಗಬೇಡಿ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಕಾಗಿ ಬಂದರೆ ಬೇರೇನೋ ಸಡಿಲವಾಗಿದೆ ಎಂದರ್ಥ. ಮುಗಿದ ಮೇಲೆ ಸ್ಕ್ರೂ ತಲೆಗೆ ಒಂದು ಚುಕ್ಕೆ ನೇಲ್ ಪಾಲಿಶ್ ಹಾಕಿ.

ಮೂರು ಹೆಡ್ ಡೆಕ್‌ಗಳಲ್ಲಿ ರೆಕಾರ್ಡ್ ಹೆಡ್‌ಗೆ ಬೇರೆ ಸ್ಕ್ರೂ ಇದ್ದರೆ, ಪ್ಲೇ ಹೆಡ್ ಸರಿಯಾದ ನಂತರ ಖಾಲಿ ಟೇಪಿಗೆ 10 ಕಿಲೋಹರ್ಟ್ಸ್ ಟೋನ್ ಬರೆಯುತ್ತ ಅದನ್ನೂ ಹೊಂದಿಸಿ. ಟೆಸ್ಟ್ ಟೇಪ್ ಇಲ್ಲದವರು ಒಂದೇ ಕ್ಯಾಸೆಟ್ಟನ್ನು ನಂಬದೆ, ಕಾರ್ಖಾನೆಯಲ್ಲಿ ಅಚ್ಚಾದ ನಾಲ್ಕೈದು ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು ಎಲ್ಲಿ ತೆರೆದುಕೊಳ್ಳುತ್ತವೋ ಅಲ್ಲಿ ನಿಲ್ಲಿಸಿ.

ವೇಗಕ್ಕೆ ಅದೇ 3150 ಹರ್ಟ್ಸ್. ಕಂಪ್ಯೂಟರಿನಲ್ಲಿ ಅಳೆದಾಗ 3118ರಿಂದ 3182ರ ಒಳಗಿದ್ದರೆ ಶೇ 1ರ ಮಿತಿಯಲ್ಲಿದೆ. ಬಹಳ ಡೆಕ್ಕುಗಳಲ್ಲಿ ಮೋಟಾರಿನ ಹಿಂದಿನ ತೂತಿನೊಳಗೆ ವೇಗ ಹೊಂದಿಸುವ ಪುಟ್ಟ ಸ್ಕ್ರೂ, ಅಂದರೆ ಟ್ರಿಮ್ಮರ್ ಇರುತ್ತದೆ. ಅಂಕಿ ನಿಲ್ಲದೆ ಓಲಾಡುತ್ತಿದ್ದರೆ ಟ್ರಿಮ್ಮರ್ ಮುಟ್ಟಬೇಡಿ, ತಪ್ಪು ಬೆಲ್ಟ್ ಅಥವಾ ರೋಲರಿನದು. ನಾಯ್ಸ್ ಮಾಡುವವರು ಈ ಓಲಾಟವನ್ನು ಸಹಿಸಬಹುದು. ಡ್ರೋನ್ ಮಾಡುವವರಿಗೆ ಆಗದು. ನಿಂತ ಸ್ವರ ಸ್ವಲ್ಪ ಅಲುಗಿದರೂ ಕಿವಿ ಹಿಡಿದುಬಿಡುತ್ತದೆ.

ಹಂತ 6: ಬಯಾಸ್, ಆಮೇಲೆ ಲೆವೆಲ್

ಡಾಲ್ಬಿ ಆಫ್ ಮಾಡಿ. ಹೆಚ್ಚಿನ ಕೇಳುಗರ ಪ್ಲೇಯರಿನಲ್ಲಿ ಅದು ಇರುವುದಿಲ್ಲ, ದಟ್ಟ ಸದ್ದಿನ ನಡುವೆ ಹಿಸ್ ಹೇಗೂ ಕೇಳುವುದಿಲ್ಲ. ಮೌನ ಹೆಚ್ಚಿರುವ ಕೃತಿಗೆ ಡಾಲ್ಬಿ ಬಿ ಹಾಕಲೇಬೇಕೆಂದಿದ್ದರೆ ಹೊದಿಕೆಯ ಮೇಲೆ ಅದನ್ನು ಅಚ್ಚು ಮಾಡಿ.

ಬಯಾಸ್ ಹೆಚ್ಚಾದರೆ ಟ್ರೆಬಲ್ ಇಳಿಯುತ್ತದೆ. ಕಡಿಮೆಯಾದರೆ ಟ್ರೆಬಲ್ ಏರುತ್ತದೆ, ಜೊತೆಗೆ ಒಡಕೂ ಏರುತ್ತದೆ. 400 ಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಟೋನ್‌ಗಳನ್ನು ಡೆಕ್ ಮೀಟರಿನ −20 ಡಿಬಿಯಲ್ಲಿ ಸರದಿಯಂತೆ ಬರೆಯಿರಿ. ಟೇಪಿನಿಂದ ಬರುವಾಗ ಎರಡೂ ಸಮನಾಗುವ ಜಾಗ ನಿಮ್ಮ ಟೇಪಿನ ಬಯಾಸ್. ಎರಡು ಹೆಡ್ ಡೆಕ್‌ನಲ್ಲಿ ಬಯಾಸ್ ಗುಬ್ಬಿಯನ್ನು (ತಿರುಗಿಸುವ ನಾಬ್) ಐದಾರು ಜಾಗಗಳಲ್ಲಿಟ್ಟು, ಯಾವ ಜಾಗವೆಂದು ಬರೆದುಕೊಳ್ಳುತ್ತ ರೆಕಾರ್ಡ್ ಮಾಡಿ, ಹಿಂದೆ ಸುತ್ತಿ ಹೋಲಿಸಿ. ಟೇಪಿನ ಬ್ರ್ಯಾಂಡ್ ಬದಲಾದರೆ ಈ ಕೆಲಸವನ್ನು ಮತ್ತೆ ಮಾಡಬೇಕು, ಆದ್ದರಿಂದ 20 ಪ್ರತಿಗೂ ಒಂದೇ ಬ್ರ್ಯಾಂಡ್ ಕೊಳ್ಳಿ. ಬಯಾಸ್ ಗುಬ್ಬಿಯೇ ಇಲ್ಲದ ಡೆಕ್ಕಾದರೆ ಮಾಸ್ಟರಿನ ಟ್ರೆಬಲ್ಲನ್ನೇ ಒಂದೆರಡು ಡಿಬಿ ಆಚೀಚೆ ಮಾಡಿ ಸರಿದೂಗಿಸಬೇಕು.

ಈಗ ಲೆವೆಲ್. ನಿಮ್ಮ ಫೈಲಿನ ಅತಿ ಎತ್ತರದಷ್ಟೇ ಇರುವ, ಅಂದರೆ −3 ಡಿಬಿಯ 400 ಹರ್ಟ್ಸ್ ಟೋನ್ ಕಳಿಸಿ. ಏಟುಗಳ ನಡುವೆ ಬಿಡುವಿರುವ ಲಯದ ಕೃತಿಯಾದರೆ ಡೆಕ್ ಮೀಟರ್ +2 ತೋರಿಸಲಿ. ಸಾಧಾರಣ ದಟ್ಟಣೆಯಾದರೆ 0. ಗೋಡೆಯಂತೆ ಎಡೆಬಿಡದ ನಾಯ್ಸ್ ಆದರೆ −3ಕ್ಕೆ ಇಳಿಸಿ. ನಾಯ್ಸ್‌ಗೇ ಕಡಿಮೆ ಯಾಕೆಂದರೆ, ಹಾಡಿನ ಸದ್ದು ತುದಿಯನ್ನು ಆಗೊಮ್ಮೆ ಈಗೊಮ್ಮೆ ಮುಟ್ಟಿ ಇಳಿಯುತ್ತದೆ. ಗೋಡೆ ನಾಯ್ಸ್ ಅಲ್ಲೇ ನಿಂತಿರುತ್ತದೆ, ಟೇಪಿಗೆ ಉಸಿರಾಡಲು ಬಿಡುವೇ ಇಲ್ಲ.

ಲೆವೆಲ್ ಗುಬ್ಬಿಯನ್ನು ತುಸುವೇ ತೆರೆದರೂ ಮೀಟರ್ ಹಾರುತ್ತಿದ್ದರೆ ನಿಮ್ಮ ಇಂಟರ್‌ಫೇಸ್ ಸ್ಟುಡಿಯೋ ಮಟ್ಟದ ಸಿಗ್ನಲ್ ಕಳಿಸುತ್ತಿದೆ, ಡೆಕ್ ಮನೆಬಳಕೆಯ ಮಟ್ಟಕ್ಕೆ ಕಾಯುತ್ತಿದೆ. ಎರಡರ ನಡುವೆ ಸುಮಾರು 12 ಡಿಬಿ ವ್ಯತ್ಯಾಸ. ಇಂಟರ್‌ಫೇಸ್‌ನಲ್ಲೇ ಇಳಿಸಿ, ಡೆಕ್ಕಿನ ಗುಬ್ಬಿ ನಡುಮಟ್ಟದಲ್ಲಿ ನಿಲ್ಲುವಂತೆ ಮಾಡಿ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ.

ಹಂತ 7: ಒಂದೇ ಒಂದು ಪರೀಕ್ಷಾ ಪ್ರತಿ

ಎರಡೂ ಬದಿ ಪೂರ್ತಿ ಇಳಿಸಿ ಮೂರು ಕಡೆ ಕೇಳಿ: ನಿಮ್ಮ ಡೆಕ್, ಒಂದು ಮೋನೋ ಟೂ-ಇನ್-ಒನ್, ಒಂದು ವಾಕ್‌ಮನ್ ಅಥವಾ ಹಳೆಯ ಕಾರಿನ ಪ್ಲೇಯರ್. ಎಲ್ಲೆಡೆ ಮಂಕಾದರೆ ಲೆವೆಲ್ ಅಥವಾ ಟ್ರೆಬಲ್ ಹೆಚ್ಚಾಗಿದೆ, ಎರಡನೇ ಹಂತಕ್ಕೆ ಮರಳಿ. ನಿಮ್ಮಲ್ಲಿ ಸರಿಯಿದ್ದು ಬೇರೆಡೆ ಮಂಕಾದರೆ ಅಜಿಮತ್. ಒಂದೇ ಚಾನೆಲ್ ಆಗಾಗ ಮಾಯವಾಗುತ್ತಿದ್ದರೆ ಹೆಡ್ ಕೊಳೆ, ಅಥವಾ ಕ್ಯಾಸೆಟ್ಟಿನ ಒಳಗೆ ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಪ್ಯಾಡ್ ಕಳಚಿದೆ. ಹಳೆಯ ದಾಸ್ತಾನಿನ ಕ್ಯಾಸೆಟ್‌ಗಳಲ್ಲಿ ಪ್ಯಾಡಿನ ಅಂಟು ಒಣಗಿರುತ್ತದೆ, ಕೊಳ್ಳುವಾಗಲೇ ನೋಡಿ.

ಹಮ್ ಕೇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಹಮ್ ನಿಂತರೆ ಸಂತೋಷ. 20 ನಿಮಿಷದ ಬದಿಗೆ ಬ್ಯಾಟರಿ ಧಾರಾಳ ಸಾಕು. ನಿಲ್ಲದಿದ್ದರೆ ಇಂಟರ್‌ಫೇಸ್ ಮತ್ತು ಡೆಕ್ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಹಮ್ ನಿಲ್ಲಿಸುವ ಅಡ್ಡದಾರಿ ಜೀವಕ್ಕೆ ಅಪಾಯ, ಯಾರು ಹೇಳಿದರೂ ಮಾಡಬೇಡಿ.

ಹಂತ 8: ಪ್ರತಿ ಮಾಡುವ ದಿನಗಳು

ಸಿ-40ರ 20 ಪ್ರತಿಗೆ ಬರಿ ರೆಕಾರ್ಡಿಂಗ್ ಸಮಯವೇ 13 ಗಂಟೆ 20 ನಿಮಿಷ. ದಿನಕ್ಕೆ 7ರಂತೆ ಮೂರು ದಿನ ಇಟ್ಟುಕೊಳ್ಳಿ. ಡಬಲ್ ಡೆಕ್ಕಿನ ಹೈಸ್ಪೀಡ್ ಡಬ್ಬಿಂಗ್ ಕಡೆಗೆ ಕಣ್ಣು ಹಾಯಿಸಬೇಡಿ, ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಟ್ರೆಬಲ್ ಅದರಲ್ಲಿ ಹೋಗುತ್ತದೆ.

ಮೊದಲು ಕರೆಂಟಿನ ವಿಚಾರ. ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಕೊಡುವ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯನ್ನು ಹಿಂದಿನ ದಿನ ಪೇಪರಿನಲ್ಲಿ ನೋಡಿಕೊಳ್ಳಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಕೊಡುವುದಾದರೆ ಅದರ ಕರಕರ ನೇರ ಟೇಪಿಗೆ ಇಳಿಯುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೂ ಕರೆಂಟು ಹೋಗಿ ಅದು ಹೊತ್ತಿಕೊಳ್ಳುವ ಕ್ಷಣದಲ್ಲಿ ಒಂದು ಟಪ್ ಎನ್ನುತ್ತದೆ. ರಿಲೇ ಇರುವ ಸ್ಟೆಬಿಲೈಸರ್ ಕೂಡ ವೋಲ್ಟೇಜ್ ಏರಿಳಿದಾಗಲೆಲ್ಲ ಟಿಕ್ ಎನ್ನುತ್ತದೆ. ಪಂಪ್‌ಸೆಟ್ಟುಗಳು ಓಡದ ಹೊತ್ತು ನೋಡಿ ಕೂರುವುದು ಒಳ್ಳೆಯದು. ಫ್ರಿಜ್ ಬೇರೆ ಸಾಲಿನಲ್ಲಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಪ್ರತಿ ಕ್ಯಾಸೆಟ್‌ಗೂ ಕ್ರಮ ಹೀಗೆ:

1. ಒಮ್ಮೆ ಕೊನೆವರೆಗೆ ಓಡಿಸಿ ಪೂರ್ತಿ ಹಿಂದಕ್ಕೆ ಸುತ್ತಿ. ಗೋದಾಮಿನಲ್ಲಿ ಅಂಟಿಕೊಂಡ ಪದರಗಳು ಬಿಡುತ್ತವೆ, ಸುತ್ತು ಸಮವಾಗುತ್ತದೆ.
2. ಪಾರದರ್ಶಕ ಅಥವಾ ಬಣ್ಣದ ಲೀಡರ್ ಭಾಗ ದಾಟುವವರೆಗೆ ಪೆನ್ಸಿಲ್‌ನಿಂದ ತಿರುಗಿಸಿ. ಲೀಡರ್ ಮೇಲೆ ಏನೂ ರೆಕಾರ್ಡ್ ಆಗುವುದಿಲ್ಲ. ಮೊದಲ ಏಟು ನುಂಗಿಹೋದ ಪ್ರತಿಗಳಿಗೆ ಕಾರಣ ಇದೇ.
3. ಮೊದಲು ಡೆಕ್ಕಿನಲ್ಲಿ ರೆಕಾರ್ಡ್ ಒತ್ತಿ, 3 ಸೆಕೆಂಡು ಬಿಟ್ಟು ಫೈಲ್ ಶುರು ಮಾಡಿ.
4. ಫೈಲ್ ಮುಗಿದ ಮೇಲೂ ನಿಲ್ಲಿಸದೆ ಟೇಪು ತಾನೇ ಮುಗಿಯಲು ಬಿಡಿ, ಉಳಿದ ಭಾಗ ಶುಚಿಯಾಗಿ ಅಳಿಯುತ್ತದೆ.
5. ಬದಿ ಬದಲಿಸಿ ಇದನ್ನೇ ಮಾಡಿ. ಪ್ರತಿಗೆ ನಂಬರ್ ಹಾಕಿ ಪುಸ್ತಕದಲ್ಲಿ ಬರೆಯಿರಿ.

ಐದು ಕ್ಯಾಸೆಟ್ ಆದ ಮೇಲೆ ಹೆಡ್, ಕ್ಯಾಪ್‌ಸ್ಟನ್ ಮತ್ತೆ ಒರೆಸಿ. ಹೊಸ ಟೇಪಿನಿಂದಲೂ ಪುಡಿ ಉದುರುತ್ತದೆ. ಐದನೇ ಪ್ರತಿ ಮೊದಲನೆಯದಕ್ಕಿಂತ ಮಂಕಾಗಿದ್ದರೆ ಗುಬ್ಬಿಗಳನ್ನು ಮುಟ್ಟಬೇಡಿ, ಮೊದಲು ಒರೆಸಿ.

ಹಂತ 9: ತಪಾಸಣೆ, ಹೊದಿಕೆ

ಐದರಲ್ಲಿ ಒಂದನ್ನು ಪೂರ್ತಿ ಕೇಳಿ. ಉಳಿದವುಗಳಲ್ಲಿ ಎರಡೂ ಬದಿಯ ಆರಂಭ, ನಡು, ಕೊನೆ ಒಂದೊಂದು ನಿಮಿಷ. ಸರಿಯಿದ್ದರೆ, ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಮೇಲಂಚಿನ ಪ್ಲಾಸ್ಟಿಕ್ ಮುಚ್ಚಳಗಳನ್ನು ಮುರಿಯಿರಿ. ಟೇಪು ಕಾಣುವ ಅಂಚು ಕೆಳಗೆ ಬರುವಂತೆ ಹಿಡಿದರೆ ಎಡಗಡೆಯದು ನಿಮಗೆ ಎದುರಾಗಿರುವ ಬದಿಯದು.

ಒಳಹೊದಿಕೆಯ ಕಾಗದ 101 ಮಿಲಿಮೀಟರ್ ಎತ್ತರ. ಮುಂಭಾಗ 65, ಬೆನ್ನು 12.5, ಹಿಂದಿನ ಮಡಿಕೆ 16 ಮಿಲಿಮೀಟರ್. 170ರಿಂದ 200 ಜಿಎಸ್‌ಎಂ ಕಾಗದದ ಮೇಲೆ ಲೇಸರ್ ಪ್ರಿಂಟ್ ಮಾಡಿಸಿ. ಇಂಕ್‌ಜೆಟ್ ಬಣ್ಣ ಮಳೆಗಾಲದ ತೇವಕ್ಕೆ ಹರಡುತ್ತದೆ. ಮಡಿಸುವ ಮೊದಲು ಒಣಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿದರೆ ಮಡಿಕೆ ಸೀಳುವುದಿಲ್ಲ. ಕ್ಯಾಸೆಟ್ ಮೇಲೆ ದಪ್ಪ ಸ್ಟಿಕ್ಕರ್ ಬೇಡ, ಕಾರಿನ ಪ್ಲೇಯರಿನೊಳಗೆ ಸಿಕ್ಕಿಬೀಳುತ್ತದೆ.

ಹಂತ 10: ಮಳೆಗಾಲಕ್ಕೆ ಎತ್ತಿಡುವುದು

ಪ್ಲಾಸ್ಟಿಕ್ ಡಬ್ಬಿ ಗಾಳಿ ತಡೆಯುವುದಿಲ್ಲ. ಪ್ರತಿ ಕ್ಯಾಸೆಟ್ಟನ್ನೂ ಜಿಪ್ ಕವರಿನಲ್ಲಿ ಹಾಕಿ, 5 ಗ್ರಾಂ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಿ. ಬಣ್ಣ ಬದಲಾಗುವ ಜೆಲ್ ಕೊಳ್ಳುವುದಾದರೆ ಕಿತ್ತಳೆಯಿಂದ ಹಸಿರಾಗುವುದು ಉತ್ತಮ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಬಣ್ಣ ತಿರುಗಿದ ಜೆಲ್ಲನ್ನು 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ.

ಕ್ಯಾಸೆಟ್‌ಗಳನ್ನು ನಿಲ್ಲಿಸಿಡಿ. ಸ್ಪೀಕರಿನ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್, ಹೊರಗೋಡೆಗೆ ಅಂಟಿದ ಬೀರು, ಇವು ಮೂರೂ ಬೇಡ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಟೇಪಿಗೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರತಿಯೊಂದನ್ನೂ ಹೊರತೆಗೆದು ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟೇಪಿನ ಸುತ್ತನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಿನ ಮೇಲೆ ಬಿಳಿ ಚುಕ್ಕೆ ಅಥವಾ ಬೂದಿಯಂಥ ಪುಡಿ ಕಂಡರೆ ಅದನ್ನು ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್‌ಗೆ ಹತ್ತಿ ಮುಂದಿನ ಎಲ್ಲ ಕ್ಯಾಸೆಟ್‌ಗೂ ಹರಡುತ್ತದೆ. ಅದನ್ನು ಬೇರೆ ಕವರಿಗೆ ಹಾಕಿ ಹೆಚ್ಚು ಜೆಲ್‌ನೊಂದಿಗೆ ಒಂದೆರಡು ವಾರ ಒಣಗಿಸಿ. ಆಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಸ್ಕ್ರೂ ಬಿಚ್ಚಿ, ಸುತ್ತಿನ ಎರಡೂ ಬದಿಯನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ಹೊಸ ಶೆಲ್ಲಿಗೆ ಸೇರಿಸಿ. ಮೊದಲ ಬಾರಿ ನುಡಿಸುವುದು ಒಳ್ಳೆಯ ಡೆಕ್ಕಿನಲ್ಲಿ ಬೇಡ. ಯಾವುದಾದರೂ ಹಳೆಯ ಪ್ಲೇಯರಿನಲ್ಲಿ ಎರಡು ಸಲ ಓಡಿಸಿ, ಪ್ರತಿ ಸಲವೂ ಅದರ ಹೆಡ್ ಒರೆಸಿ. ಹತ್ತಿ ಬೆಳ್ಳಗೆ ಬಂದ ಮೇಲಷ್ಟೇ ಆ ಕ್ಯಾಸೆಟ್ ನಿಮ್ಮ ಡೆಕ್ಕಿಗೆ ಹೋಗಬಹುದು.